ಟೋಪಿ ಹೊರಗ, ತಮ್ಮ ಒಳಗ

ಹಿಂಗಾರಿ ಜೋಳ ಗೇಣುದ್ದ ಎದ್ದು ನಿಂತ ಕಾಲ. ದೀಪಾವಳಿಯ ಕೊನೆಯ ದಿನ, ಅಕ್ಕತಂಗಿಯರು ಅಣ್ಣತಮ್ಮಂದಿರಿಗೆ ಆರತಿ ಬೆಳಗುವ ಭಾವುಬೀಜ. ಬಿಸಿಲು ಇನ್ನೂ ಮಾಳಿಗೆಯಿಂದ ಅಂಗಳಕ್ಕೆ ಇಳಿದಿರಲಿಲ್ಲ. ಹುಮನಾಬಾದಿನ ಹಳೆಯ ಓಣಿಯಲ್ಲಿ ಜಮಾದಾರ ಮಚ್ಚೇಂದ್ರ ಶೇವಂತಾಬಾಯಿಯ ಬಾಗಿಲ ಮುಂದೆ ನಿಂತು, ಟೋಪಿ ತೆಗೆಯಲೋ ಬೇಡವೋ ಎಂದು ಅನುಮಾನಿಸುತ್ತಿದ್ದ.

ಅವನು ಮೋರಖಂಡಿಯವನು. ತಾಯಿತಂದೆ ಇರಲಿಲ್ಲ, ಹೆಂಡತಿ ಚೊಚ್ಚಲ ಹೆರಿಗೆಯಲ್ಲೇ ತೀರಿಕೊಂಡಿದ್ದಳು. ಪೊಲೀಸನೆಂದು ಓಣಿಯವರು ಅವನನ್ನು ಹತ್ತಿರ ಸೇರಿಸಲಿಲ್ಲ. ಪೊಲೀಸನೆಂದೇ ಅವನೂ ಯಾರ ಮನೆಯ ಚಹಾ ಮುಟ್ಟಲಿಲ್ಲ. ಉಪ್ಪು ತಿಂದ ಮನೆಯವರ ಮೇಲೆ ಕೈ ಏಳುವುದಿಲ್ಲ ಎಂಬ ಹೆದರಿಕೆ ಅವನಿಗೆ. ಒಡಹುಟ್ಟಿದವರಿಲ್ಲದ ಶೇವಂತಾಬಾಯಿ ಒಂದು ವರ್ಷ ಇದೇ ಹಬ್ಬದಲ್ಲಿ ಅವನನ್ನು ಕರೆದು ಕೂರಿಸಿ ಆರತಿ ಬೆಳಗಿಬಿಟ್ಟಳು. ಆಮೇಲೆ ಬೇಡ ಎನ್ನಲು ಅವನಿಗೂ ನಾಲಿಗೆ ಏಳಲಿಲ್ಲ. ಆದರೆ ಒಂದು ಕಟ್ಟಳೆ ಮಾಡಿಕೊಂಡ. ಡ್ಯೂಟಿ ಮುಗಿದ ಮೇಲೇ ಬರುವುದು; ಪೊಲೀಸ್ ಟೋಪಿ ಹೊರಗಿನ ಗೂಟಕ್ಕೆ ಹಾಕಿ, ಬಿಳಿ ಟೋಪಿ ಇಟ್ಟುಕೊಂಡೇ ಹೊಸ್ತಿಲು ದಾಟುವುದು.

"ಟೋಪಿ ಹೊರಗ, ತಮ್ಮ ಒಳಗ" ಎಂದು ಅವಳ ಗಂಡ ಬಂಡೆಪ್ಪ ನಗುತ್ತಿದ್ದ. "ನಾಳಿ ಸ್ವರ್ಗದ ಬಾಗಲಾಗೂ ಗೂಟಾ ಹುಡುಕತಿ ನೋಡು ನೀ!"

ಆ ದಿನ ಎರಡೂ ತಪ್ಪಿದವು. ಸಂತೆಯ ಬಂದೋಬಸ್ತಿಗೆ ಹೊರಟವನು ದಾರಿಯಲ್ಲೇ ಬಂದಿದ್ದ. ಒಗೆದು ಹಾಕಿದ ಬಿಳಿ ಟೋಪಿ ಒಣಗಿರಲಿಲ್ಲ.

"ಬರೇ ತಲೀಗಿ ಆರತಿ ಬೆಳಗಬಾರದೋ ತಮ್ಮಾ. ಅದೇ ಇರಲಿ ಬಿಡು, ಸರಕಾರಕ್ಕೂ ಒಂದು ಆರತಿ ಆಗಲಿ" ಎಂದಳು ಶೇವಂತಾಬಾಯಿ. ಹಣೆಗಿಟ್ಟ ಕುಂಕುಮ ಟೋಪಿಯ ಅಂಚಿಗೂ ತಾಗಿತು. ಅವನು ತಟ್ಟೆಯಲ್ಲಿ ಕುಪ್ಪಸದ ಖಣ ಇಟ್ಟ.

ಅಷ್ಟರಲ್ಲಿ ಹೊರಗೆ ಗದ್ದಲ. ಬಂಡೆಪ್ಪನ ಬಚ್ಚಲ ನೀರು ನೆರೆಮನೆಯ ಮಡೆಪ್ಪನ ರಂಗೋಲಿಯ ಮೇಲೆ ಹರಿದಿತ್ತು. ಮಚ್ಚೇಂದ್ರ ಬಾಗಿಲಿಗೆ ಬಂದು ನೋಡುವಾಗ ಮಡೆಪ್ಪ ಬರಿಗೈಯಲ್ಲಿ ನಿಂತು ಬೈಯುತ್ತಿದ್ದ. ಬಂಡೆಪ್ಪ ಬಡಿಗೆ ಬೀಸಿದ. ಮಡೆಪ್ಪನ ಮೊಣಕೈ ಮುರಿಯಿತು.

ಹಣೆಯ ಕುಂಕುಮ ಒಣಗುವ ಮೊದಲೇ ಮಚ್ಚೇಂದ್ರ ಬಂಡೆಪ್ಪನ ರಟ್ಟೆ ಹಿಡಿದು ಠಾಣೆಗೆ ನಡೆಸಿದ.

"ನೀ ಅಲ್ಲಿ ಮೆಹಮಾನ ಆಗಿ ಹೋಗಿದ್ದಿಯೋ, ಜಮಾದಾರ ಆಗಿಯೋ?" ಫೌಜದಾರ ಸಿರಾಜುದ್ದೀನ್ ಸಾಹೇಬರು ಕೇಳಿದರು.

"ಟೋಪಿ ತಲೀಮ್ಯಾಲೇ ಇತ್ರಿ ಸಾಹೇಬ್ರ. ಆದ್ರ ತನಿಖಿ ನನ್ನ ಕೈಯಾಗ ಕೊಡಬ್ಯಾಡ್ರಿ. ಅಕಿ ನನಗ ಅಕ್ಕ ಆಗಬೇಕು. ಕಂಡದ್ದಷ್ಟು ಸಾಕ್ಷಿ ಹೇಳತೇನಿ."

ಸಾಹೇಬರು ತನಿಖೆಯನ್ನು ಬೇರೆಯವರಿಗೆ ಒಪ್ಪಿಸಿದರು.

ಕೋರ್ಟಿನ ಹಿಂದಿನ ಸಂಜೆ ಶೇವಂತಾಬಾಯಿ ಅವನ ಖೋಲಿಗೆ ಬಂದಳು. ಒಳಗೆ ಬಾರದೆ ಹೊಸ್ತಿಲಲ್ಲೇ ನಿಂತಳು.

"ಮೊದಲ ಮಡೆಪ್ಪನೇ ಹೊಡದಾ ಅನ್ನು ತಮ್ಮಾ. ಒಂದೇ ಮಾತು. ನಿನ್ನ ಭಾವ ಮನೀಗಿ ಬರತಾನ."

"ಕಂಡಿಲ್ಲದ್ದು ಹ್ಯಾಂಗ ಹೇಳಲಿ ಅಕ್ಕಾ?"

"ಅಕ್ಕ ಅನಬ್ಯಾಡ ಹಂಗಾದ್ರ."

ಅವಳು ಹೋದ ಮೇಲೆ ಸ್ಟೋವು ಹಚ್ಚಲು ಮನಸ್ಸಾಗದೆ, ಕುಡಿನೀರಿನ ತಂಬಿಗೆಯನ್ನು ಮುಂದಿಟ್ಟುಕೊಂಡು ಕುಳಿತ.

ಮರುದಿನ ಕಟಕಟೆಯಲ್ಲಿ ನಿಂತಾಗ ಬಂಡೆಪ್ಪನ ವಕೀಲರು ಕೇಳಿದರು: "ಆರೋಪಿಯ ಹೆಂಡತಿಗೆ ನೀವು ಏನಾಗಬೇಕು?"

ಯಾರೂ ಅಲ್ಲ ಎನ್ನಬಹುದಿತ್ತು. ರಕ್ತದ ನಂಟೇನಿರಲಿಲ್ಲ.

"ತಮ್ಮ ಆಗಬೇಕ್ರಿ."

"ಮೊದಲು ಹೊಡೆದವರು ಯಾರು?"

"ನಮ್ಮ ಭಾವನ್ರಿ."

ಬಾಗಿಲ ಬಳಿ ನಿಂತಿದ್ದ ಶೇವಂತಾಬಾಯಿ ಸೆರಗು ಬಾಯಿಗೊತ್ತಿಕೊಂಡಳು. ಬಂಡೆಪ್ಪನಿಗೆ ಆರು ತಿಂಗಳ ಸಜೆಯಾಯಿತು.

ಓಣಿ ಎರಡು ಮಾತಾಡಿತು. ಅಕ್ಕನ ಮನೆ ಹಾಳು ಮಾಡಿದ ಎಂದರು ಕೆಲವರು. ಸರಕಾರದ ಉಪ್ಪು ತಿಂದವನು ಮತ್ತೇನು ಮಾಡಬೇಕಿತ್ತು ಎಂದರು ಕೆಲವರು. ಯಾರೂ ಅವನನ್ನು ಮಾತ್ರ ಮಾತಾಡಿಸಲಿಲ್ಲ. ಟೋಪಿಯ ಅಂಚಿನ ಕುಂಕುಮವನ್ನು ಅವನು ಸಾಬೂನು ಹಚ್ಚಿ ಉಜ್ಜಿದ. ನಸುಗೆಂಪು ಉಳಿದೇ ಉಳಿಯಿತು.

ಬಂಡೆಪ್ಪ ಬಿಡುಗಡೆಯಾಗಿ ಬಂದ. ಗೋಡೆಗೆ ಗೋಡೆ ಹತ್ತಿದ ಮನೆಯಲ್ಲಿ ಮಡೆಪ್ಪನ ಮುಖ ನೋಡುತ್ತ ಬಾಳುವುದು ಆಗಲಿಲ್ಲ. ಹುಲಸೂರಿನ ನೆಂಟರೊಬ್ಬರ ಹೊಲವನ್ನು ಲಾವಣಿಗೆ, ವರ್ಷದ ಗುತ್ತಿಗೆಗೆ, ಹಿಡಿದ.

ಅವರು ಗಂಟುಮೂಟೆ ಹೊತ್ತು ಬಸ್ ಸ್ಟ್ಯಾಂಡಿಗೆ ಬಂದಾಗ ಮುಂದಿನ ದೀಪಾವಳಿಯ ಜನಜಂಗುಳಿ. ಅಲ್ಲಿ ಬಂದೋಬಸ್ತಿಗೆ ನಿಂತಿದ್ದವನು ಮಚ್ಚೇಂದ್ರನೇ. ಬಂಡೆಪ್ಪ ಮುಖ ತಿರುಗಿಸಿಕೊಂಡ. ಶೇವಂತಾಬಾಯಿ ನೇರ ಎದುರಿಗೆ ಬಂದು ನಿಂತಳು.

"ಜಮಾದಾರ್ರ, ಹುಲಸೂರ ಬಸ್ಸು ಯಾವುದ್ರಿ?"

'ತಮ್ಮಾ', 'ನೀ' ಎನ್ನುತ್ತಿದ್ದ ಬಾಯಿ ಅದು. ಅವನ ಕೈ ಟೋಪಿಯತ್ತ ಏರಿ, ಅರ್ಧಕ್ಕೇ ನಿಂತು, ಮೂಲೆಯ ಬಸ್ಸನ್ನು ತೋರಿಸಿತು.

"ಅದೇ ನೋಡ್ರಿ, ಬಾಯಾರ."

ಬಸ್ಸು ಧೂಳೆಬ್ಬಿಸಿ ಹೊರಟಿತು. ಶೇವಂತಾಬಾಯಿ ಹುಮನಾಬಾದು ಬಿಟ್ಟಿದ್ದು ಹೀಗೆ, ಭಾವುಬೀಜದ ಹಿಂದಿನ ದಿನ, ಹೆಣ್ಣುಮಗಳನ್ನು ತವರಿನಿಂದ ಕಳಿಸಬಾರದು ಎನ್ನುವ ಬುಧವಾರ.