ಊರಿಕ್ಕೋ, ಚೇಚೀ

ಹಾಳಾದ ಕರೆಂಟು ಹೋಗಿ ಬಂದದ್ದೇ ತಡ, ಕಂಪ್ಯೂಟರ್ ಮುಷ್ಕರ ಹೂಡಿತು. ಕಪ್ಪು ಪರದೆ, ಮೇಲೊಂದು ಸಾಲು ಇಂಗ್ಲಿಷ್ ಅಕ್ಷರ, ಅಷ್ಟೇ. ಆಫ್ ಮಾಡಿ ಆನ್ ಮಾಡಿದೆ. ಮತ್ತೆ ಅದೇ ಸಾಲು. ನಾನು ಹೆದರಿಹೋದೆ.

ಹೆದರದೆ ಇನ್ನೇನು? ಹಿಂದಿನ ದಿನವಷ್ಟೇ ನಮ್ಮೂರು ಮರಕ್ಕಡವಿನ ಹೊಳೆಬದಿಯಲ್ಲಿ ಹುಲಿಯೊಂದು ದಾಮೋದರನ್ ಅವರ ಕರುವನ್ನು ಎಳೆದೊಯ್ದಿತ್ತು. ಗಂಡಸರೆಲ್ಲ ಅದನ್ನು ಹುಡುಕಿಕೊಂಡು ಕಾಡಿಗೆ ಹೋಗಿದ್ದರು. ಹೊಳೆದಾರಿಯ ಬೀಟೆಮರಕ್ಕೆ ಕಟ್ಟಿದ ಕ್ಯಾಮೆರಾದ ಚಿತ್ರಗಳು ನಮ್ಮ ವಾಚನಾಲಯದ ಈ ಕಂಪ್ಯೂಟರಿಗೆ ಬರುತ್ತವೆ. ಹುಲಿ ಕಂಡರೆ ಊರಿಗೆಲ್ಲ ಕೇಳುವಂತೆ ಮೈಕಿನಲ್ಲಿ ಕೂಗಬೇಕು. ಆವತ್ತು ಆ ಕೆಲಸ ನನ್ನದು. ಶಾಲೆ ಬಿಟ್ಟಾಗಿತ್ತು. ಅದೇ ದಾರಿಯಲ್ಲಿ ನೆರೆಮನೆಯ ಕುಂಞಿಯಕ್ಕ ಶಾಲೆಮಕ್ಕಳನ್ನು ಕರೆತರುತ್ತಿದ್ದಳು, ಅವರಲ್ಲಿ ನನ್ನ ಮಗಳು ಅನಘಳೂ ಇದ್ದಳು. ಕುಂಞಿಯಕ್ಕನ ಹತ್ತಿರ ಫೋನಿಲ್ಲ.

ಪನಮರಂ ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಸುಧೀಶನಿಗೆ ಫೋನ್ ಮಾಡಿದೆ. ಅವನಿಗೆ ಕನ್ನಡ ಅಷ್ಟಿಷ್ಟು ತಿಳಿದರೂ ಆಡುವುದು ಮಲಯಾಳ ಮಾತ್ರ; ನನ್ನನ್ನು ಚೇಚಿ, ಅಂದರೆ ಅಕ್ಕ, ಅನ್ನುತ್ತಾನೆ. ಪೆನ್‌ಡ್ರೈವ್ ಏನಾದರೂ ಸಿಕ್ಕಿಸಿದೆಯೇ ಎಂದು ಕೇಳಿದ. ಇತ್ತು. ನನ್ನ ಮೈದುನ ಬಿನು, ಆ ಪುಣ್ಯಾತ್ಮ, ಹಾಡು ಹಾಕಲು ಸಿಕ್ಕಿಸಿ ಮರೆತಿದ್ದ.

"ಅದು ಊರಿಕ್ಕೋ, ಚೇಚೀ. ಎನ್ನಿಟ್ಟ್ ಆನ್ ಆಕ್ಕ್."

ಊರಿ, ಆಮೇಲೆ ಆನ್ ಮಾಡಬೇಕಂತೆ. ಹೆಬ್ಬೆರಳಿಟ್ಟು ಊರಿದೆ. ಆನ್ ಮಾಡಿದೆ. ಅದೇ ಕಪ್ಪು.

"ಊರಿಯೋ?" ಎಂದ ಸುಧೀಶ.

"ಊರಿದೆ ಕಣೋ! ಬರ್ಲಿಲ್ಲ!"

"ಶೆರಿಕ್ಕ್ ಊರಿಯೋ?"

ಸರಿಯಾಗಿ ಊರಬೇಕಂತೆ! ಎರಡೂ ಹೆಬ್ಬೆರಳಿಟ್ಟು, ಹಲ್ಲು ಕಚ್ಚಿ ಊರಿದೆ. ಮೇಜೇ ಹಿಂದಕ್ಕೆ ಸರಿಯಿತು. ಪರದೆ ಜಪ್ಪಯ್ಯ ಅನ್ನಲಿಲ್ಲ. ಕಿಟಕಿಯಾಚೆ ಒಂದು ನಾಯಿ ವಿಚಿತ್ರವಾಗಿ ಬೊಗಳುತ್ತಿತ್ತು. ನನಗೆ ಅಳು ಒತ್ತರಿಸಿ ಬಂತು.

"ಇನ್ನೆಷ್ಟು ಊರೋದೋ ಮಾರಾಯ? ಪೂರಾ ಒಳಗೇ ಹೋಗಿದೆ! ನನ್ನ ಮಗಳು ದಾರೀಲಿದಾಳೆ, ನಂಗೆ ಹೆದರಿಕೆ, ಪೇಡಿ ಆಗ್ತದೆ!"

ಒಳಗೇ ಅಂದದ್ದು ಕೇಳಿ ಅವನು ಕಿರುಚಿದ: "ಅಯ್ಯೋ ಚೇಚೀ, ಅಗತ್ತೇಕ್ಕಲ್ಲ, ಪುರತ್ತೇಕ್ಕ್! ವಲಿಚ್ಚೆಡುಕ್ಕ್!"

ಒಳಕ್ಕಲ್ಲ, ಹೊರಕ್ಕೆ ಎಳೆದು ತೆಗೆಯಬೇಕು! ಮಲಯಾಳದಲ್ಲಿ ಊರು ಅಂದರೆ ಒತ್ತು ಅಲ್ಲ, ಕಿತ್ತು ತೆಗೆ. ಹುಟ್ಟಿದಾಗಿನಿಂದ ಎರಡೂ ಭಾಷೆ ಆಡಿದವಳು ನಾನು, ಆದರೆ ಹೆದರಿದ ಕಿವಿಗೆ ಅಮ್ಮನ ಕನ್ನಡವೊಂದೇ ಕೇಳಿಸಿತ್ತು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಪೆನ್‌ಡ್ರೈವ್ ಕಿತ್ತೆಸೆದು ಬಟನ್ ಒತ್ತಿದೆ. ಪರದೆ ಬೆಳಗಿತು.

ಮೊದಲ ಚಿತ್ರದಲ್ಲಿ ಕುಂಞಿಯಕ್ಕ, ಹಿಂದೆ ಸಾಲಾಗಿ ಮಕ್ಕಳು, ಎಲ್ಲರಿಗಿಂತ ಕೊನೆಗೆ ಅನಘ. ದೇವರು ದೊಡ್ಡವನು ಅಂದುಕೊಂಡು ಮುಂದಿನ ಚಿತ್ರ ಒತ್ತಿದೆ. ಈಗಷ್ಟೇ ಬಂದದ್ದು. ಅದೇ ಮರ, ಅದೇ ದಾರಿ. ನಡುವೆ ಹುಲಿ ನಿಂತಿತ್ತು.

ಮೈಕ್ ಎತ್ತಿಕೊಂಡೆ. "ಕುಂಞಿಯಕ್ಕಾ! ಹುಲಿ ಹಿಂದೆ ಉಂಟು! ಮಕ್ಕಳ ಕೈ ಹಿಡ್ಕೊಂಡು ಮುಂದಕ್ಕೆ ಬಾ! ಯಾರೂ ಹಿಂದೆ ಹೋಗ್ಬೇಡಿ!" ಗಂಟಲು ಹರಿಯುವ ಹಾಗೆ ಕೂಗಿದ್ದನ್ನೇ ಕೂಗಿದೆ.

ಕೊನೆಗೆ ಬಂದರು. ಎಲ್ಲರೂ ಬಂದರು. ಅನಘಳನ್ನು ಅವುಚಿಕೊಂಡೆ. ಅವಳ ಒಂದು ಕಾಲು ಬರಿದಾಗಿತ್ತು.

"ಚಪ್ಪಲಿ ಎಲ್ಲೇ?"

"ಬೀಟೆಮರದ ಹತ್ರ ಕಿತ್ತೋಯ್ತಮ್ಮ. ತಗೊಂಡು ಬರೋಣಾಂತ ವಾಪಸ್ ಹೊರಟಿದ್ದೆ. ಅಷ್ಟರಲ್ಲಿ ನೀನು ಕೂಗ್ದೆ," ಎಂದು ಮುಖ ಊದಿಸಿದಳು. "ಈಗ ಹೋಗಿ ತರ್ಲಾ?"