ಆ ದಡದಲ್ಲಿ ಉಳಿದವನು

"ಕೂತ್ಕೊಳ್ಳಕ್ಕೆ ಬಂದಿಲ್ಲ, ಕ್ಯಾಪ್ಟನ್ರೇ," ಎಂದಳು ಮೆಹಿಟಬಲ್ ಬರ್ಜ್. "ನನ್ನ ಗಂಡ ಸೈನ್ಯ ಬಿಟ್ಟು ಓಡಿಹೋದವನಲ್ಲ ಅಂತ ಒಂದು ಕಾಗದ ಬರ್ಕೊಡಿ. ಇವತ್ತು ಸಭೇಲಿ ಓದಿ. ಅಷ್ಟೇ."

ಎಲ್ನಾಥನ್ ಪ್ರೆಂಟಿಸ್ ಲೇಖನಿ ಕೆಳಗಿಟ್ಟ. ಬ್ರಿಟಿಷರ ಮೇಲಿನ ಯುದ್ಧ ಮುಗಿದ ಮೇಲೆ ಕಾನೂನು ಓದಿ, ಹನ್ನೆರಡು ವರ್ಷಗಳಲ್ಲಿ ಮ್ಯಾಸಚೂಸೆಟ್ಸಿನ ಆ ಭಾಗಕ್ಕೆಲ್ಲ ಹೆಸರಾದ ವಕೀಲ ಅವನು. ಅಂದು ಮಧ್ಯಾಹ್ನ ಊರಸಭೆ ಅವನನ್ನು ಶಾಸನಸಭೆಗೆ ಆರಿಸುವುದರಲ್ಲಿತ್ತು. ಯುದ್ಧದಲ್ಲಿ ಮಂಜುಗಡ್ಡೆ ತೇಲುತ್ತಿದ್ದ ನದಿ ದಾಟಿಸಿ ನಲವತ್ತು ಜನರನ್ನು ಉಳಿಸಿದ ಕ್ಯಾಪ್ಟನ್ ಎಂದೇ ಊರವರ ಮಾತು.

"ಇಷ್ಟು ವರ್ಷ ಆದ್ಮೇಲೆ ಈಗ್ಯಾಕಮ್ಮ?"

"ಮಗಳ ಮದುವೆ ಮಾತು ನಡೀತಿತ್ತು. ಹೇಡಿ ಮಗಳು ನಮ್ಮನೆಗೆ ಬೇಡ ಅಂದ್ಬಿಟ್ಲು ಹುಡುಗನ ತಾಯಿ."

ಅವನು ಬರೆದ. 'ರೂಬೆನ್ ಬರ್ಜ್ ಓಡಿಹೋದನೆಂಬುದನ್ನು ನಾನು ಕಣ್ಣಾರೆ ಕಂಡಿಲ್ಲ.' ಒಂದಕ್ಷರವೂ ಸುಳ್ಳಲ್ಲ. ಓದಲು ಬಾರದ ಮೆಹಿಟಬಲ್ ಆ ದುಂಡು ಅಕ್ಷರಗಳನ್ನು ಬಹಳ ಹೊತ್ತು ನೋಡಿದಳು.

ಸಭೆಯಲ್ಲಿ ಅವನು ಅದನ್ನು ಓದಿದಾಗ ಚರ್ಮ ಹದಮಾಡುವ ಕಾಬ್ ಹಿಂದಿನ ಬೆಂಚಿನಿಂದ ಕೂಗಿದ. "ಓಡೋನು ಏನ್ ವಕೀಲ್ರೇ, ನಿಮಗೆ ಹೇಳ್ಬಿಟ್ಟು ಓಡ್ತಾನಾ?"

ಜನ ಗೊಳ್ಳೆಂದು ನಕ್ಕರು. ಬಾಗಿಲ ಬಳಿ ನಿಂತಿದ್ದ ಮೆಹಿಟಬಲ್ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಕೊನೆಗೆ ಎಲ್ನಾಥನ್‌ನ ಮುಖವನ್ನು. ತಾನು ಕೇಳಿದ ಕಾಗದಕ್ಕೆ ಯಾಕೆ ನಗುತ್ತಿದ್ದಾರೆಂದು ಅವಳಿಗೆ ತಿಳಿದಿರಲಿಲ್ಲ.

ಎಲ್ನಾಥನ್ ಕಾಗದ ಮಡಚಿದ. ನಾಳೆ ಇನ್ನೊಂದು ಕಾಗದ ಬರೆದುಕೊಟ್ಟರಾಯಿತು ಎಂದುಕೊಂಡ. ಆದರೆ ಕೂರಲು ಕಾಲು ಬಾಗಲಿಲ್ಲ.

"ಅವನು ಓಡ್ಲಿಲ್ಲ," ಎಂದ. "ಗಾಯ ಆದ ಇಬ್ಬರನ್ನ ನೋಡ್ಕೊಂಡು ಆ ದಡದಲ್ಲೇ ಇರು, ನದಿ ದಾಟಿದ್ಮೇಲೆ ದೋಣಿ ವಾಪಸ್ ಕಳಿಸ್ತೀನಿ ಅಂದಿದ್ದೆ. ಅಷ್ಟರಲ್ಲಿ ಗುಂಡು ಬೀಳೋಕೆ ಶುರುವಾಯ್ತು. ನಂಗೆ ಭಯ ಆಯ್ತು. ದೋಣಿ ಕಳಿಸ್ಲಿಲ್ಲ. ಮೂವರೂ ಅಲ್ಲೇ ಉಳಿದ್ರು. ಮೇಲಿನೋರು ಕೇಳಿದಾಗ, ಓಡಿಹೋದ ಅಂತ ಬರೆದ್ಬಿಟ್ಟೆ."

ಸಭೆಯ ಹಿರಿಯ ಗಂಟಲು ಸರಿಮಾಡಿಕೊಂಡು ಮತದಾನಕ್ಕೆ ಕರೆದ. ಜನ ಎದ್ದು ಸಾಲುಗಟ್ಟಿದರು. ಎಲ್ನಾಥನ್‌ನ ಹತ್ತಿರ ಸುಳಿಯದೆ ಸುತ್ತಿಹೋಗಿ, ಒಬ್ಬೊಬ್ಬರೇ ಬೇರೊಬ್ಬನ ಹೆಸರು ಬರೆದ ಚೀಟಿಯನ್ನು ಪೆಟ್ಟಿಗೆಗೆ ಹಾಕಿದರು.

ಮೆಹಿಟಬಲ್ ಮೇಜಿನ ಬಳಿ ಬಂದಳು. ಉಗಿಯುತ್ತಾಳೆಂದು ಅವನು ಕಾದ.

"ದೋಣಿಗೆ ಕಾಯ್ತಾ ಇದ್ನಾ ಅವನು?" ಎಂದಳು.

ಅವನು ಹೌದೆಂದು ತಲೆಯಾಡಿಸಿದ.

"ಅದನ್ನ ಬರೀರಿ."

ಅವನು ಹಳೆಯ ಸಾಲನ್ನು ಹೊಡೆದುಹಾಕಿ ಬರೆದ. ಮಸಿ ಅಲ್ಲಲ್ಲಿ ಹರಡಿತು. ಅವಳು ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು, ಒದ್ದೆ ಅಕ್ಷರಗಳ ಮೇಲೆ ಮೆಲ್ಲಗೆ ಊದುತ್ತ ನಿಂತಳು.