ಕುದ್ರುವಿನ ತಿರುವು

ನಾನು ಒಂದು ಪುಟ್ಟ ದೋಣಿಮನೆ. ಹುಟ್ಟುವಾಗ ಮನೆಯಾಗಿರಲಿಲ್ಲ, ಬರೀ ದೋಣಿ. ಗಂಗೊಳ್ಳಿಯ ಹೊಳೆದಂಡೆಯಲ್ಲಿ ಮೂವರು ಆಚಾರಿಗಳು ಹೆಬ್ಬಲಸಿನ ಹಲಗೆಗಳನ್ನು ಬಾಗಿಸಿ, ಬಿಗಿದು, ಎಣ್ಣೆ ಕುಡಿಸಿ ನನ್ನನ್ನು ನೀರಿಗೆ ತಳ್ಳಿದರು. ಹದಿನೈದು ವರ್ಷ ಹೆಂಚು ಹೊತ್ತೆ. ಲಾರಿಗಳು ಹೆಚ್ಚಿದ ಮೇಲೆ ಹೆಂಚಿನವರಿಗೆ ನಾನು ಬೇಡವಾದೆ. ಆಗ ರಘುರಾಮ ಶೆಟ್ಟರು ನನ್ನನ್ನು ಕೊಂಡು, ಬೆನ್ನ ಮೇಲೊಂದು ಕೋಣೆ, ಅದರ ಮೇಲೆ ಕೂರಲು ಅಟ್ಟ ಕಟ್ಟಿಸಿ, ಇಂಜಿನ್ ಇಡಿಸಿ, ಶನಿವಾರ-ಭಾನುವಾರ ಬಾಡಿಗೆಗೆ ಬಿಡತೊಡಗಿದರು.

ನನ್ನನ್ನು ನಡೆಸುವವನು ಅಣ್ಣಪ್ಪ ಮೊಗವೀರ. ಹೆಂಚಿನ ಕಾಲದಿಂದಲೂ ಅವನೇ. ಎರಡು ವರ್ಷಗಳಿಂದ ಅವನ ಕೈ ಬದಲಾಗಿತ್ತು. ಹಗ್ಗ ಹುಡುಕುವಾಗ ತಡಕಾಡುತ್ತಿತ್ತು. ಕಣ್ಣಿಗೆ ಪೊರೆ ಬಂದಿತ್ತು. ಶೆಟ್ಟರಿಗಿರಲಿ, ಹೆಂಡತಿಗೂ ಅವನು ಹೇಳಿರಲಿಲ್ಲ. "ಈ ಹೊಳೆಗೆ ಕಣ್ಣ್ ಎಂತಕ್ಕೆ" ಎಂದು ತನ್ನಷ್ಟಕ್ಕೇ ಗೊಣಗುತ್ತಿದ್ದ. ನನಗೆ ಎಲ್ಲ ಗೊತ್ತಿತ್ತು. ಆದರೆ ನನಗೆ ಬಾಯಿ ಎಲ್ಲಿದೆ?

ಒಂದು ಶನಿವಾರ ರಾಣೆಬೆನ್ನೂರಿನಿಂದ ಶಿವಲೀಲಾ ಎಂಬಾಕೆ ಗಂಡ ವೀರಭದ್ರ ಮತ್ತು ಇಬ್ಬರು ಹೆಣ್ಣುಮಕ್ಕಳೊಡನೆ ಬಂದಳು. ಬಟ್ಟೆ ಹೊಲಿದು ಸಂಸಾರಕ್ಕೆ ಹೆಗಲು ಕೊಟ್ಟವಳು. ಹೊಳೆಯ ಮೇಲೆ ಒಂದು ರಾತ್ರಿ ಕಳೆಯಬೇಕೆಂಬುದು ಅವಳದೇ ಆಸೆ. ಆ ದಿನ ಸುಖವಾಗಿ ಕಳೆಯಿತು. ಚಹಾದ ಲೋಟ ಕೊಟ್ಟಾಗ ಅಣ್ಣಪ್ಪನ ಕೈ ಲೋಟದ ಪಕ್ಕದ ಗಾಳಿಯನ್ನು ಹಿಡಿದದ್ದನ್ನು ಮಾತ್ರ ಅವಳು ನೋಡಿದಳು.

ಭಾನುವಾರ ಮಧ್ಯಾಹ್ನ ಮೂರಕ್ಕೆ ಹಿಂದಿರುಗಲು ಹೊರಟೆವು. ನೀರು ಇಳಿಯುವ ಹೊತ್ತು. ಇಡೀ ಹೊಳೆ ಕಡಲಿನ ಕಡೆ ಓಡುತ್ತಿತ್ತು. ದಾರಿಯಲ್ಲಿ ತೆಂಗು ತುಂಬಿದ ಒಂದು ಕುದ್ರು, ಎಂದರೆ ಹೊಳೆನಡುವಿನ ದ್ವೀಪ, ಸಿಗುತ್ತದೆ. ಅದು ಬಂದ ಕೂಡಲೇ ಎಡಕ್ಕೆ ಹೊರಳಬೇಕು. ತಪ್ಪಿದರೆ ಮುಂದೆ ಅಳಿವೆ, ಹೊಳೆ ಕಡಲು ಸೇರುವ ಬಾಯಿ. ನನ್ನಂಥ ಚಪ್ಪಟೆ ತಳದವರು ಅಲ್ಲಿನ ಅಲೆಗೆ ಸಿಕ್ಕರೆ ಮಗುಚಿ ಬೀಳುವುದೇ.

ಪಡುವಣದ ಬಿಸಿಲು ಅಣ್ಣಪ್ಪನ ಮುಖಕ್ಕೇ ಹೊಡೆಯುತ್ತಿತ್ತು. ಪೊರೆಗಣ್ಣಿಗೆ ಲೋಕವೆಲ್ಲ ಬೆಳ್ಳಗೆ. ಕುದ್ರು ಬಂತು, ಪಕ್ಕದಲ್ಲೇ ಸರಿದುಹೋಯಿತು. ಅವನ ಕೈ ಅಲುಗಲಿಲ್ಲ.

ಆಗ ಶಿವಲೀಲಾ ಮುಂದೆ ಬಂದು ಕೇಳಿದಳು, "ಅಣ್ಣಾರ, ಅಲ್ಲೆ ಮುಂದ ಬೆಳ್ಳನ ಗೆರಿ ಕಾಣಾಕತ್ತೈತಲ್ರಿ, ಅದೇನು?"

"ಬಿಳಿ ಗೆರಿಯಾ? ಎಲ್ಲಿತ್ತ್?"

ಕೇಳಿದ ಮರುಕ್ಷಣವೇ ಚುಕ್ಕಾಣಿಯ ಚಕ್ರ ಹಿಡಿದ ಅವನ ಅಂಗೈ ತಣ್ಣಗಾಯಿತು. ಅದು ಅಲೆ ಒಡೆಯುವ ಸಾಲು. ನೂರು ಮಾರು ದೂರವೂ ಇರಲಿಲ್ಲ.

"ನಿಮಗ ಕಣ್ಣು ಕಾಣಂಗಿಲ್ಲ. ಹೌದಲ್ರಿ?" ಅವಳ ದನಿ ಪಿಸುಮಾತಿಗಿಳಿದಿತ್ತು.

"ಸರಿ ಕಾಂತಿಲ್ಲೆ ಅಮ್ಮ," ಎಂದ ಅಣ್ಣಪ್ಪ. "ಈಗ ಬೈಬೇಡಿ. ನೀರ್ ಎಲ್ಲಿ ಕಪ್ಪಿತ್ತ್ ಹೇಳಿ. ಕಪ್ಪಿದ್ದಲ್ಲಿ ಆಳ. ಮಾಸಲಿದ್ದಲ್ಲಿ ಮರಳ್."

ಅವಳು ಸೆರಗು ಸಿಕ್ಕಿಸಿ ಅವನ ಪಕ್ಕ ನಿಂತಳು. "ಎಡಕ್ಕ ಮಾಸಲು. ಬಲಕ್ಕ ಕಪ್ಪು, ಎರಡು ಸೀರಿ ಉದ್ದ ಐತ್ರಿ."

ಅವನು ನನ್ನನ್ನು ಬಲಕ್ಕೆ ಎಳೆದು ಹಿಂದಕ್ಕೆ ತಿರುಗಿಸತೊಡಗಿದ. ಇಂಜಿನ್ ಕಿರುಚಿತು. ಸೆಳೆತ ನನ್ನನ್ನು ಅಡ್ಡಲಾಗಿ ಹಿಡಿಯಿತು. ಒಂದು ಅಲೆ ಬಂದು ಪಕ್ಕೆಗೆ ಅಪ್ಪಳಿಸಿದಾಗ ಒಳಗಿನ ಪಾತ್ರೆಗಳೆಲ್ಲ ಉರುಳಿದವು. ಅಟ್ಟದಲ್ಲಿ ಮಕ್ಕಳು ಚೀರಿದರು.

"ಏನಾತು?" ವೀರಭದ್ರ ಕೂಗಿದ.

"ಮಕ್ಕಳನ್ನ ಗಟ್ಟಿ ಹಿಡಕೊಂಡು ಕುಂದರ್ರಿ! ಕೆಳಗ ಬರಬ್ಯಾಡ್ರಿ!" ಎಂದಳು ಶಿವಲೀಲಾ. ಹಿಂದಿರುಗಿ ನೋಡಲಿಲ್ಲ. "ಈಗ ನೆಟ್ಟಗ... ಎಡಕ್ಕ ಒಂಚೂರು... ಗೂಟ ಐತಿ, ಬಲಕ್ಕ ತಗೋರಿ, ಬಲಕ್ಕ!"

ಬಲೆ ಕಟ್ಟುವ ಗೂಟ ನನ್ನ ಮೈ ಕೆರೆದು ಹೋಯಿತು. ಎಷ್ಟೋ ಹೊತ್ತು ನಾನು ಮುಂದೆಯೂ ಹೋಗದೆ ಹಿಂದೆಯೂ ಸರಿಯದೆ ನೀರಿನೊಡನೆ ಜಗ್ಗಾಡಿದೆ. ಆಮೇಲೆ ಅಂಗುಲ ಅಂಗುಲವಾಗಿ ಕುದ್ರುವಿನ ಮರೆಗೆ ಬಂದೆ. ಅಲ್ಲಿ ನೀರು ಶಾಂತವಾಗಿತ್ತು.

ದಡ ಮುಟ್ಟಿದ ಮೇಲೆ ಅಣ್ಣಪ್ಪ ಅವಳೆದುರು ಕೈಮುಗಿದ. "ಒಡೆಯರಿಗೆ ಹೇಳ್ಬೇಡಿ ಅಮ್ಮ. ಈ ಚಕ್ರ ಬಿಟ್ರೆ ನಾನ್ ಯಾರೂ ಅಲ್ಲ."

"ನಾ ಹೇಳಂಗಿಲ್ರಿ," ಎಂದಳು ಅವಳು. "ನೀವ ಹೇಳ್ರಿ. ಮುಂದಿನ ಶನಿವಾರ ಮತ್ತೊಬ್ಬಾಕಿ ಮಕ್ಕಳನ್ನ ಕಟ್ಟಿಕೊಂಡು ಬರ್ತಾಳ."

ಅಣ್ಣಪ್ಪ ತುಂಬ ಹೊತ್ತು ನನ್ನ ಮೂತಿಯ ಮೇಲೆ ಕುಳಿತಿದ್ದ. ಕೊನೆಗೆ ಎದ್ದು, ದಂಡೆಯ ಬೇಲಿ ಹಿಡಿದುಕೊಂಡು ಶೆಟ್ಟರ ಮನೆಗೆ ನಡೆದ. ಶೆಟ್ಟರ ಬೈಗುಳ ನೀರಿನವರೆಗೂ ಕೇಳಿಸಿತು. ಆದರೆ ಮರುವಾರ ಅವನನ್ನು ಆಸ್ಪತ್ರೆಗೆ ಕರೆದೊಯ್ದವರೂ ಅವರೇ.

ಒಂದೂವರೆ ತಿಂಗಳ ಮೇಲೆ ಅಣ್ಣಪ್ಪ ಪೊರೆ ತೆಗೆಸಿಕೊಂಡು ಶೆಟ್ಟರೊಡನೆ ಬಂದ. ನನ್ನನ್ನು ನೋಡಿ ನಿಂತೇಬಿಟ್ಟ. ನೀರಿಗಿಳಿದು ಸುತ್ತ ಒಂದು ಬಾರಿ ನಡೆದ. ಬಣ್ಣದಡಿಯ ಬಿರುಕಿಗೆ ಉಗುರು ಹಾಕಿದ. ನಾನು ಇಷ್ಟು ದಿನ ಮುಚ್ಚಿಟ್ಟಿದ್ದ ಕೊಳೆತ ಹಲಗೆ ಹಿಟ್ಟಾಗಿ ಉದುರಿತು.

"ಒಡೆಯರೆ, ಇನ್ ಇದ್ರಗೆ ಜನ ಹತ್ಸುಕಾಗ."

"ಅವತ್ತ್ ನಿನ್ನ ಕಣ್ಣ್, ಇವತ್ತ್ ದೋಣಿಯಾ?" ಶೆಟ್ಟರು ರೇಗಿದರು.

"ಕಂಡದ್ದನ್ನ್ ಹೇಳ್ದೆ," ಎಂದ ಅಣ್ಣಪ್ಪ. ಹೇಳುತ್ತಾ ಅವನ ಕೈ ನನ್ನ ಮೈಮೇಲೆಯೇ ಇತ್ತು.

ನನ್ನನ್ನು ದಡಕ್ಕೆಳೆದರು. ಈಗ ನನ್ನ ನೆರಳಲ್ಲಿ ಹೆಂಗಸರು ಬಲೆಯ ಹರುಕು ಹೆಣೆಯುತ್ತಾರೆ. ಮೊದಮೊದಲು ನನಗೆ ಅಣ್ಣಪ್ಪನ ಮೇಲೆ ಸಿಟ್ಟಿತ್ತು. ಅವನ ಗುಟ್ಟನ್ನು ನಾನು ಎರಡು ವರ್ಷ ಕಾದೆ, ಅವನು ನನ್ನದನ್ನು ಒಂದು ಗಳಿಗೆಯೂ ಕಾಯಲಿಲ್ಲ. ಯೋಚಿಸಿದಷ್ಟೂ, ಮಕ್ಕಳನ್ನು ಹೊತ್ತುಕೊಂಡೇ ಗುಟ್ಟು ಕಾದ ನಾನೇ ತಪ್ಪು ಮಾಡಿದವಳು ಎನಿಸುತ್ತದೆ.

ಭಾನುವಾರ ಮಧ್ಯಾಹ್ನ ಅವನು ಶೆಟ್ಟರ ಹೊಸ ದೋಣಿಯಲ್ಲಿ ಮಕ್ಕಳ ಗಲಾಟೆ ತುಂಬಿಕೊಂಡು ಬರುತ್ತಾನೆ. ಕುದ್ರು ಹತ್ತಿರವಾಗುತ್ತದೆ. ಆ ದೋಣಿ ಎಡಕ್ಕೆ ಹೊರಳುವವರೆಗೂ ನನ್ನ ಹಲಗೆಗಳು ಉಸಿರು ಬಿಗಿಹಿಡಿದೇ ಇರುತ್ತವೆ.